ಬ್ರಾಂದಿ ಅಲೆಕ್ಸಾಂಡರ್ ಮಾಡಲು ಹೋದೆ, ಮಜ್ಜಿಗೆ ಆಯ್ತು

ಗಿರಿನಗರದ ಗಿರಾಕಿ

ಎಲ್ಲರಿಗೂ ನಮಸ್ಕಾರ. ಮೊದಲು ನಕ್ಕುಬಿಡಿ, ಆಮೇಲೆ ಸಹಾಯ ಮಾಡಿ.

ಹೋದ ತಿಂಗಳು ಚರ್ಚ್ ಸ್ಟ್ರೀಟ್ ಹತ್ತಿರ ಒಂದು ಬಾರಿನಲ್ಲಿ ಊಟ ಮುಗಿಸಿ ಬ್ರಾಂದಿ ಅಲೆಕ್ಸಾಂಡರ್ ಅನ್ನೋ ಕಾಕ್‌ಟೇಲ್ ಕುಡಿದೆ. ಬ್ರಾಂದಿ, ಕೋಕೋ ಲಿಕರ್ (ಕೋಕೋ ರುಚಿಯ ಸಿಹಿ ಮದ್ಯ), ಕ್ರೀಮ್, ಮೇಲೆ ಚೂರು ಜಾಯಿಕಾಯಿ. ಅಷ್ಟೇ ಅದರ ಬಂಡವಾಳ. ಆದರೂ ಐಸ್‌ಕ್ರೀಮ್ ಕರಗಿ ಒಳ್ಳೆ ಬುದ್ಧಿ ಕಲಿತ ಹಾಗಿತ್ತು. ಮುಂದಿನ ಭಾನುವಾರ ಮನೆಗೆ ಎಂಟು ಜನ ಊಟಕ್ಕೆ ಬರುತ್ತಿದ್ದಾರೆ. ಅದರಲ್ಲಿ ಒಬ್ಬರು ನಮ್ಮ ಮಾವ. ನಲವತ್ತು ವರ್ಷದಿಂದ ಬ್ರಾಂದಿ ಕುಡಿಯುತ್ತಿದ್ದಾರೆ, ಅದಕ್ಕೆ ಬಿಸಿನೀರು ಬಿಟ್ಟು ಇನ್ನೇನೂ ಬೆರೆಸಿದವರಲ್ಲ. ಅವರಿಗೆ ಇದನ್ನು ಕುಡಿಸಬೇಕು ಅಂತ ಆಸೆ.

ಶನಿವಾರ ಒಂದು ಟ್ರಯಲ್ ನೋಡಿದೆ. ಅಂಗಡಿ ಕ್ರೀಮ್ ಯಾಕೆ, ಮನೆಯಲ್ಲೇ ಕೆನೆ ಇದೆಯಲ್ಲ ಅಂತ ಫ್ರಿಡ್ಜಿನಲ್ಲಿ ಎಂಟು ದಿನ ಕೂಡಿಟ್ಟ ಕೆನೆ ಡಬ್ಬಿ ತೆಗೆದೆ. ಶೇಕರ್ ಇಲ್ಲ, ಮಿಕ್ಸಿ ಇದೆ. ಚಟ್ನಿ ಜಾರಿಗೆ ಎಲ್ಲ ಸುರಿದು ಒಂದು ನಿಮಿಷ ತಿರುಗಿಸಿದೆ. ಮುಚ್ಚಳ ತೆಗೆದರೆ ಜಾರಿನ ಅಂಚಿಗೆಲ್ಲ ಸಾಸಿವೆ ಗಾತ್ರದ ಬೆಣ್ಣೆ ಕಾಳು, ಕೆಳಗೆ ಕಂದು ನೀರು. ಹೆಂಡತಿ ಬಂದು ಬಗ್ಗಿ ನೋಡಿದಳು. "ಒಂದು ಒಗ್ಗರಣೆ ಹಾಕಿಬಿಡಿ" ಅಂದು ಹೋದಳು.

ಎಲ್ಲಿ ತಪ್ಪಿದೆ? ಯಾವ ಕ್ರೀಮ್, ಯಾವ ಬ್ರಾಂದಿ, ಆ ಕೋಕೋ ಲಿಕರ್ ಸಿಗದಿದ್ದರೆ ಏನು ಮಾಡಬೇಕು, ಗೊತ್ತಿದ್ದವರು ಹೇಳಿ.

ಪಾಯಸಪ್ರಿಯ

ಊಟ ಆದಮೇಲೆ ಎಣ್ಣೆನಾ? ನಮ್ಮ ಕಡೆ ಊಟಕ್ಕೆ ಮುಂಚೆಯೇ ಎಲ್ಲ ಮುಗಿದಿರುತ್ತೆ ಗುರು. ಆಮೇಲೆ ಎಲೆ ಅಡಿಕೆ. ಸುಮ್ನೆ ಪಾಯಸ ಮಾಡಿ ಕೊಡು, ಮಾವ ಖುಷಿಯಾಗಿ ಮನೆಗೆ ಹೋಗುತ್ತಾರೆ.

ಹಾಲಿನ ಲೆಕ್ಕ

ಗಿರಾಕಿಯವರೇ, ನೀವು ಮಾಡಿದ್ದು ಬೆಣ್ಣೆ ತೆಗೆಯುವ ಕೆಲಸ. ಅದರಲ್ಲಿ ಏನೂ ತಪ್ಪಿಲ್ಲ, ಸರಿಯಾಗೇ ಬಂದಿದೆ!

ನಾನು ಹಾಲಿನ ಉದ್ಯಮದಲ್ಲಿ ಇಪ್ಪತ್ತು ವರ್ಷ ಇದ್ದವನು, ಹಾಗಾಗಿ ಸ್ವಲ್ಪ ಕೊರೆಯುತ್ತೇನೆ. ನಿಮ್ಮ ಡಬ್ಬಿಯಲ್ಲಿ ಎರಡು ಬೇರೆ ಬೇರೆ ಅನಾಹುತ ಆಗಿವೆ. ಒಂದು, ಕೆನೆಯ ಕೊಬ್ಬು ಸಣ್ಣ ಸಣ್ಣ ಗುಂಡುಗಳಾಗಿರುತ್ತದೆ. ಪ್ರತಿ ಗುಂಡಿನ ಸುತ್ತ ಒಂದು ತೆಳು ಪೊರೆ. ಮಿಕ್ಸಿಯ ಬ್ಲೇಡು ಆ ಪೊರೆ ಹರಿದರೆ ಕೊಬ್ಬು ಕೊಬ್ಬಿಗೆ ಅಂಟಿಕೊಳ್ಳುತ್ತದೆ. ನಮ್ಮ ಅಮ್ಮಂದಿರು ಕಡಗೋಲಿನಲ್ಲಿ ಮಾಡಿದ್ದೂ ಅದನ್ನೇ. ಎರಡು, ಎಂಟು ದಿನದ ಕೆನೆ ಸ್ವಲ್ಪವಾದರೂ ಹುಳಿ ಬಂದಿರುತ್ತದೆ. ಹುಳಿ ಅಳೆಯುವ ಪಿಎಚ್ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ತಾಜಾ ಹಾಲಿನ ಪಿಎಚ್ ಸುಮಾರು 6.6. ಅದು 4.6ರ ಹತ್ತಿರ ಇಳಿದರೆ ಕೇಸಿನ್ ಅನ್ನೋ ಪ್ರೋಟೀನ್ ಗಟ್ಟಿಯಾಗಿ ಬೇರೆಯಾಗುತ್ತದೆ. ಹಾಲು ಒಡೆಯೋದು ಅಂದರೆ ಇದೇ. ಅರ್ಧ ದಾರಿ ಇಳಿದ ಕೆನೆಗೆ ಬ್ರಾಂದಿ ಬಿದ್ದರೆ ಉಳಿದ ಅರ್ಧ ದಾರಿಗೆ ಜಾಸ್ತಿ ಹೊತ್ತು ಬೇಡ, ಯಾಕೆಂದರೆ ಆಲ್ಕೋಹಾಲೂ ಕೇಸಿನ್‌ಗೆ ಸ್ನೇಹಿತ ಅಲ್ಲ.

ಹಾಲನ್ನೇ ಹಾಕಿದರೆ ಆಗಲ್ವಾ ಅಂತ ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ. ನಂದಿನಿ ನೀಲಿ ಪ್ಯಾಕೆಟ್ಟಿನಲ್ಲಿ ಕೊಬ್ಬು 3%. ಅದರಲ್ಲಿ ಮಾಡಿದರೆ ನೀರುನೀರಾದ ಬ್ರಾಂದಿ ಹಾಲು ಆಗುತ್ತದೆ, ಅಲೆಕ್ಸಾಂಡರ್ ಆಗಲ್ಲ. ಟೆಟ್ರಾ ಪ್ಯಾಕಿನಲ್ಲಿ ಸಿಗುವ ಫ್ರೆಶ್ ಕ್ರೀಮ್ ಸಾಮಾನ್ಯವಾಗಿ 25%. ಅದು ಹೋಮೋಜಿನೈಸ್ ಆಗಿರುತ್ತೆ, ಅಂದರೆ ಕೊಬ್ಬಿನ ಗುಂಡುಗಳನ್ನು ಇನ್ನೂ ಸಣ್ಣ ಮಾಡಿ ಸಮವಾಗಿ ಬೆರೆಸಿರುತ್ತಾರೆ, ಒಡೆಯದಂತೆ ಸ್ಟೆಬಿಲೈಸರ್ ಕೂಡ ಇರುತ್ತೆ. ನಿಮ್ಮ ಕೆಲಸಕ್ಕೆ ಅದೇ ಸಾಕು. ಕೊಬ್ಬು 30ರ ಮೇಲಿರುವ ಹಾಲಿನ ಕ್ರೀಮ್ ಸಿಕ್ಕಿದರೆ ಇನ್ನೂ ಚೆನ್ನ. ಆದರೆ ಕೇಕ್ ಮಾಡುವವರು ಬಳಸುವ ವಿಪ್ಪಿಂಗ್ ಕ್ರೀಮ್ ತರುವಾಗ ಹಿಂದೆ ತಿರುಗಿಸಿ ಓದಿ. ಎಷ್ಟೋ ಸಲ ಅದು ಹಾಲಿನದ್ದೇ ಅಲ್ಲ. ಸಸ್ಯಜನ್ಯ ಕೊಬ್ಬು, ಮೇಲೆ ಸಕ್ಕರೆ. ಬಾಯಲ್ಲಿ ಮೇಣದ ಹಾಗೆ ಅಂಟುತ್ತದೆ.

ಗಿರಿನಗರದ ಗಿರಾಕಿ

ಸಾರ್, ಇದನ್ನು ಪ್ರಿಂಟ್ ತೆಗೆದು ಫ್ರಿಡ್ಜಿಗೆ ಅಂಟಿಸುತ್ತೇನೆ.

ಕೌಂಟರ್ ಹಿಂದಿನವ

ಇಂದಿರಾನಗರದಲ್ಲಿ ಒಂದು ಬಾರ್‌ನಲ್ಲಿ ಒಂಬತ್ತು ವರ್ಷದಿಂದ ಡ್ರಿಂಕ್ಸ್ ಮಾಡುತ್ತಿದ್ದೇನೆ. ಮೊದಲು ಅಳತೆ ಹೇಳುತ್ತೇನೆ. ಐಬಿಎ, ಅಂದರೆ ಬಾರ್‌ಟೆಂಡರ್‌ಗಳ ಅಂತಾರಾಷ್ಟ್ರೀಯ ಸಂಘ, ಕೊಟ್ಟಿರುವ ಲೆಕ್ಕ ಸರಳ. 30 ಮಿಲಿ ಕೊನ್ಯಾಕ್, 30 ಮಿಲಿ ಕಂದು ಕ್ರೆಮ್ ದ ಕಕಾವ್ (ನೀವು ಹೇಳಿದ ಕೋಕೋ ಲಿಕರ್ ಇದೇ), 30 ಮಿಲಿ ಕ್ರೀಮ್. ಐಸ್ ಹಾಕಿ ಶೇಕ್ ಮಾಡಿ ಸೋಸಿ, ಮೇಲೆ ಜಾಯಿಕಾಯಿ.

ಆದರೆ ಇದನ್ನು ಕಣ್ಣುಮುಚ್ಚಿ ನಮ್ಮ ಬ್ರಾಂದಿಗೆ ಹಾಕಬೇಡಿ. ಕೊನ್ಯಾಕ್ ಅಂದರೆ ಫ್ರಾನ್ಸಿನ ಆ ಪ್ರದೇಶದ ದ್ರಾಕ್ಷಿ ವೈನನ್ನು ಎರಡು ಸಲ ಬಟ್ಟಿ ಇಳಿಸಿ ಓಕ್ ಪೀಪಾಯಿಯಲ್ಲಿ ಕನಿಷ್ಠ ಎರಡು ವರ್ಷ ಇಟ್ಟದ್ದು. ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗುವ ಬ್ರಾಂದಿಯಲ್ಲಿ ಬಹಳಷ್ಟಕ್ಕೆ ಕಬ್ಬಿನ ಕಾಕಂಬಿಯ ಸ್ಪಿರಿಟ್ಟೇ ಆಧಾರ. ಅದಕ್ಕೆ ಕ್ಯಾರಮೆಲ್ ಬಣ್ಣ, ಪರಿಮಳ ಸೇರಿರುತ್ತೆ. ಮೊದಲೇ ಸಿಹಿ ವಾಸನೆ ಇರುವುದಕ್ಕೆ ಮತ್ತೆ 30 ಮಿಲಿ ಸಿಹಿ ಲಿಕರ್ ಸುರಿದರೆ ಕೆಮ್ಮಿನ ಸಿರಪ್ ಕುಡಿದ ಹಾಗೆ. ಲೇಬಲ್ ಓದಿ, ದ್ರಾಕ್ಷಿ ಸ್ಪಿರಿಟ್ ಅಂತ ಬರೆದಿರುವ ಬಾಟಲಿ ಆರಿಸಿ. ಅಳತೆ ಹೀಗೆ ಬದಲಾಯಿಸಿ: ಬ್ರಾಂದಿ 45, ಕಕಾವ್ 20, ಕ್ರೀಮ್ 30. ನಾನು ಮನೆಯಲ್ಲಿ ಮಾಡುವುದು ಇದೇ.

ಮಿಕ್ಸಿ ಮರೆತುಬಿಡಿ. ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬ ಅಥವಾ ಅಗಲ ಬಾಯಿಯ ಗಾಜಿನ ಬಾಟಲಿ ಸಾಕು. ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ದೊಡ್ಡ ಐಸ್ ಕ್ಯೂಬ್ ಐದಾರು ಹಾಕಿ ಹದಿನೈದು ಸೆಕೆಂಡು ಜೋರಾಗಿ ಕುಲುಕಿ. ಮೊದಲು ಕಲ್ಲು ಅಲ್ಲಾಡಿಸಿದ ಹಾಗೆ ಠಣಠಣ ಸದ್ದು ಬರುತ್ತೆ. ಕ್ರೀಮಿಗೆ ಗಾಳಿ ಸೇರುತ್ತಾ ಹೋದ ಹಾಗೆ ಸದ್ದು ಮಂಕಾಗುತ್ತೆ, ದಿಂಬಿನೊಳಗಿಂದ ಬಂದ ಹಾಗೆ. ಡಬ್ಬದ ಹೊರಗೆ ಬಿಳಿ ಹಬೆ ಕಟ್ಟಿ ಬೆರಳು ಮರಗಟ್ಟುತ್ತೆ. ಆಗ ನಿಲ್ಲಿಸಿ. ಟೀ ಸೋಸುವ ಜಾಲರಿಯಲ್ಲಿ ಸೋಸಿದರೆ ಐಸ್ ಚೂರು ಬರಲ್ಲ, ನೊರೆ ನುಣ್ಣಗೆ ಕೂರುತ್ತೆ.

ಇನ್ನೊಂದು ಮಾತು. ಗ್ಲಾಸನ್ನು ಮೊದಲೇ ಫ್ರೀಜರಿನಲ್ಲಿಡಿ. ಈ ಡ್ರಿಂಕ್ ಬೆಚ್ಚಗಾದರೆ ಕೆಲಸ ಕೆಟ್ಟಿತು. ಐದು ನಿಮಿಷ ಚೆನ್ನಾಗಿರುತ್ತೆ, ಹತ್ತು ನಿಮಿಷಕ್ಕೆ ಸುಮಾರು, ಹದಿನೈದಕ್ಕೆ ಸಿಂಕು.

ಬನಶಂಕರಿ ಅಕ್ಕ

ಗ್ಲಾಸ್ ಯಾವುದು? ನಮ್ಮ ಮನೆಯಲ್ಲಿ ಕಾಫಿ ಲೋಟ, ಡವರ ಬಿಟ್ಟರೆ ನೀರಿನ ಲೋಟ ಇದೆ. ಸ್ಟೀಲು ತಣ್ಣಗೆ ಇರುತ್ತಲ್ಲ, ಅದರಲ್ಲೇ ಕೊಡಬಹುದಾ? ನೋಡೋಕೂ ಬೆಂಗಳೂರು ಬೆಂಗಳೂರು ಅನ್ನಿಸುತ್ತೆ.

ಕೌಂಟರ್ ಹಿಂದಿನವ

ಅಕ್ಕ, ಇತ್ತೀಚೆಗೆ ಡವರದಲ್ಲಿ ಕಾಕ್‌ಟೇಲ್ ಕೊಡೋ ಖಯಾಲಿ ಊರಿಗೆಲ್ಲ ಹತ್ತಿದೆ. ನನಗೆ ಅದು ಕಂಡರೆ ಆಗಲ್ಲ. ಬ್ರಾಂದಿ ಅಲೆಕ್ಸಾಂಡರಿನ ಚೆಂದ ಇರೋದೇ ಅದರ ಬಣ್ಣದಲ್ಲಿ, ಹಾಲು ಜಾಸ್ತಿ ಬಿದ್ದ ಕಾಫಿಯ ಹಾಗೆ, ಮೇಲೆ ಬಿಳಿ ನೊರೆ. ಸ್ಟೀಲಿನಲ್ಲಿ ಅದು ಕಾಣಲ್ಲ. ಅಟ್ಟದಲ್ಲಿ ಹಳೇ ಕಾಲದ ಗಾಜಿನ ಐಸ್‌ಕ್ರೀಮ್ ಕಪ್ ಇದ್ದರೆ ತೆಗೀರಿ, ಕಾಲಿರುವಂಥದ್ದು. ನಾವು ಬಾರಿನಲ್ಲಿ ಕೂಪ್ ಅಂತ ದುಬಾರಿ ಕೊಟ್ಟು ತರೋದೂ ಹೆಚ್ಚುಕಮ್ಮಿ ಅದೇ ಆಕಾರ.

ಪುತ್ತೂರು ಮೂಲ

ಕಕಾವ್ ಬಗ್ಗೆ ನಾನು ಹೇಳುತ್ತೇನೆ, ಊರಿನ ಅಭಿಮಾನ ಸ್ವಲ್ಪ ಸಹಿಸಿಕೊಳ್ಳಿ. ಮೊದಲು ಹೆಸರು. ಕ್ರೆಮ್ ಅಂತ ಇದ್ದರೂ ಅದರಲ್ಲಿ ಹಾಲಿಲ್ಲ, ಕೆನೆಯಿಲ್ಲ. ಯುರೋಪಿನ ನಿಯಮದಲ್ಲಿ ಲೀಟರಿಗೆ ಕನಿಷ್ಠ 250 ಗ್ರಾಂ ಸಕ್ಕರೆ ಇರುವ ಲಿಕರಿಗೆ ಕ್ರೆಮ್ ಅನ್ನುತ್ತಾರೆ, ಅಷ್ಟೇ. ಬೆಂಗಳೂರಿನ ಕೆಲವು ದೊಡ್ಡ ಅಂಗಡಿಗಳಲ್ಲಿ ಒಮ್ಮೊಮ್ಮೆ ಸಿಗುತ್ತೆ. ಯಾರಾದರೂ ಹೊರದೇಶದಿಂದ ಬರುವವರಿದ್ದರೆ ಹೇಳಿ ತರಿಸಿ, ಒಬ್ಬರಿಗೆ ಎರಡು ಲೀಟರ್ ಮದ್ಯದವರೆಗೆ ಸುಂಕ ಇಲ್ಲ.

ನಾನಂತೂ ಮನೆಯಲ್ಲೇ ಮಾಡುತ್ತೇನೆ. ನಮ್ಮಲ್ಲಿ ಅಡಿಕೆ ತೋಟದ ನಡುವೆ ಕೋಕೋ ಇದೆ. ಅಡಿಕೆ, ಕೋಕೋ ಬೆಳೆಗಾರರ ಸಹಕಾರ ಸಂಘ ಕ್ಯಾಂಪ್ಕೋ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದ ಮೇಲೆ ಕೋಕೋ ಅಂದರೆ ನಮಗೆ ಹೊರಗಿನ ಬೆಳೆ ಅನ್ನಿಸಿದ್ದೇ ಇಲ್ಲ. ಚಿಕ್ಕವರಿದ್ದಾಗ ಹಣ್ಣು ಒಡೆದು ಬೀಜದ ಮೇಲಿನ ಬಿಳಿ ತಿರುಳು ಚೀಪಿ ಬೀಜ ಉಗುಳುತ್ತಿದ್ದೆವು. ಈಗ ಆ ಬೀಜದ ಚೂರನ್ನೇ ಜಯನಗರದಲ್ಲಿ ದುಡ್ಡು ಕೊಟ್ಟು ತರುತ್ತೇನೆ.

ಹುರಿದ ಕೋಕೋ ಬೀಜದ ಚೂರು 100 ಗ್ರಾಂ, ವೋಡ್ಕಾ 350 ಮಿಲಿ. ಗಾಜಿನ ಬಾಟಲಿಯಲ್ಲಿ ಒಂದು ವಾರ ಕತ್ತಲಲ್ಲಿಡಿ, ದಿನಾ ಒಮ್ಮೆ ಕುಲುಕಿ. ಹತ್ತು ದಿನ ಆದರೆ ಕಹಿ ಬರುತ್ತೆ. ಸೋಸಿ, ರಾತ್ರಿ ಫ್ರೀಜರಿನಲ್ಲಿಡಿ. ಬೆಳಗ್ಗೆ ಮೇಲೆ ತೆಳ್ಳಗೆ ಕೋಕೋ ಬೆಣ್ಣೆ ಕಟ್ಟಿರುತ್ತೆ. ತಣ್ಣಗಿರುವಾಗಲೇ ಅದನ್ನು ಮತ್ತೆ ಬಟ್ಟೆಯಲ್ಲಿ ಸೋಸಿ. 200 ಗ್ರಾಂ ಸಕ್ಕರೆಗೆ 150 ಮಿಲಿ ನೀರು ಹಾಕಿ ಕರಗಿಸಿ, ಪೂರ್ತಿ ಆರಿದ ಮೇಲೆ ಬೆರೆಸಿ. ಎರಡು ಹನಿ ವೆನಿಲಾ. ಅಷ್ಟೇ.

ಗಿರಿನಗರದ ಗಿರಾಕಿ

ಇವತ್ತು ಮಂಗಳವಾರ. ಭಾನುವಾರಕ್ಕೆ ಐದೇ ದಿನ. ಆಗುತ್ತಾ?

ಪುತ್ತೂರು ಮೂಲ

ಐದು ದಿನ ಇದ್ದರೂ ನಡೆಯುತ್ತೆ, ಚೂರನ್ನು ಇನ್ನಷ್ಟು ಕುಟ್ಟಿ ಹಾಕಿ. ಬಾಟಲಿಯನ್ನು ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡಿ, ಆದರೆ ಒಲೆ ಹತ್ತಿರ ಮಾತ್ರ ಬೇಡ. ಅದು ಸ್ಪಿರಿಟ್ಟು, ನೆನಪಿರಲಿ.

ರಾತ್ರಿ ಪಾಳಿ

ಹೆಸರಿನ ಕಥೆ ಯಾರೂ ಹೇಳಲಿಲ್ಲ ಅಂತ ನಾನು ಬಂದೆ. ಅಲೆಕ್ಸಾಂಡರ್ ಮೊದಲು ಬ್ರಾಂದಿಯದ್ದಲ್ಲ, ಜಿನ್‌ದು. ಹ್ಯೂಗೋ ಎನ್ಸ್‌ಲಿನ್ ಅನ್ನೋ ನ್ಯೂಯಾರ್ಕಿನ ಬಾರ್‌ಟೆಂಡರ್ 1910ರ ದಶಕದಲ್ಲಿ ತಂದ ಪುಸ್ತಕದಲ್ಲಿ ಜಿನ್, ಬಿಳಿ ಕಕಾವ್, ಕ್ರೀಮ್ ಅಂತಲೇ ಇದೆ. 1922ರಲ್ಲಿ ಇಂಗ್ಲೆಂಡಿನ ರಾಜಕುಮಾರಿ ಮೇರಿಯ ಮದುವೆಗೆ ಹುಟ್ಟಿದ ಡ್ರಿಂಕು ಅಂತ ಹೇಳುತ್ತಾರಲ್ಲ, ಆ ಹೊತ್ತಿಗೆ ಜಿನ್ ಅಲೆಕ್ಸಾಂಡರ್ ಅಚ್ಚಾಗಿ ವರ್ಷಗಳೇ ಆಗಿತ್ತು.

ಇನ್ನು ಬೀಟಲ್ಸ್ ತಂಡದ ಗಾಯಕ ಜಾನ್ ಲೆನನ್. 1974ರ ಮಾರ್ಚ್‌ನಲ್ಲಿ ಲಾಸ್ ಏಂಜಲಿಸ್‌ನ ಟ್ರೂಬಡೂರ್ ಕ್ಲಬ್ಬಿನಲ್ಲಿ ಗೆಳೆಯ, ಗಾಯಕ ಹ್ಯಾರಿ ನಿಲ್ಸನ್ ಜೊತೆ ಕೂತು ಇದನ್ನೇ ಮೇಲಿಂದ ಮೇಲೆ ಕುಡಿದು, ವೇದಿಕೆ ಮೇಲಿದ್ದವರಿಗೆ ಕೂಗಾಡಿ, ಇಬ್ಬರೂ ಹೊರಗೆ ದಬ್ಬಿಸಿಕೊಂಡರು. ಗಂಟಲಲ್ಲಿ ಐಸ್‌ಕ್ರೀಮಿನ ಹಾಗೆ ಇಳಿಯುತ್ತೆ, ಲೆಕ್ಕ ತಪ್ಪುತ್ತೆ.

ಲೆಕ್ಕ ಅಂದರೆ ನಿಜವಾಗಿ ಹಾಕಿ ನೋಡಿ. ನಮ್ಮ ಬ್ರಾಂದಿಯಲ್ಲಿ ಆಲ್ಕೋಹಾಲು 42.8%. ಕೌಂಟರ್ ಅಣ್ಣ ಹೇಳಿದ 45 ಮಿಲಿಯಲ್ಲಿ ಶುದ್ಧ ಆಲ್ಕೋಹಾಲು 19 ಮಿಲಿ ಮೇಲೆ. ಮನೆಯ ಕಕಾವ್ ಸುಮಾರು 22% ಅಂತ ಹಿಡಿದರೆ 20 ಮಿಲಿಗೆ ಇನ್ನೊಂದು ನಾಲ್ಕು. ಒಟ್ಟು 23ರ ಮೇಲೆ. ಅಂದರೆ ಒಂದು ಗ್ಲಾಸಿಗೆ ಹೆಚ್ಚುಕಮ್ಮಿ ಎರಡು ಸ್ಮಾಲು (ಒಂದು ಸ್ಮಾಲು ಅಂದರೆ 30 ಮಿಲಿ ಬ್ರಾಂದಿ). ಎರಡು ಗ್ಲಾಸಾದರೆ ನಾಲ್ಕು ಸ್ಮಾಲು, ಅದೂ ಊಟಕ್ಕೆ ಮುಂಚೆ ಹಾಕಿದ್ದು ಬಿಟ್ಟು. ಗಾಡಿ ತಂದವರ ಕೀ ಮೊದಲೇ ಇಸ್ಕೊಳ್ಳಿ. ರಕ್ತದಲ್ಲಿ 100 ಮಿಲಿಗೆ 30 ಮಿಲಿಗ್ರಾಂ ದಾಟಿದರೆ ಕೇಸು, ಮೊದಲ ಸಲವೇ ದಂಡ ಹತ್ತು ಸಾವಿರದವರೆಗೆ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ.

ಕೌಂಟರ್ ಹಿಂದಿನವ

ಸರಿಯಾದ ಮಾತು. ಬಿರಿಯಾನಿ ಊಟ ಆದಮೇಲೆ ಇದನ್ನು ಪೂರ್ತಿ ಅಳತೆಯಲ್ಲಿ ಕೊಡೋದೂ ತಪ್ಪು. ಹೊಟ್ಟೆಯಲ್ಲಿ ಜಾಗ ಎಲ್ಲಿರುತ್ತೆ? ಬ್ರಾಂದಿ 30, ಕಕಾವ್ 15, ಕ್ರೀಮ್ 20 ಮಾಡಿ ಚಿಕ್ಕ ಗ್ಲಾಸಿಗೆ ಹಾಕಿ. ಊಟ ಮುಗಿದು ಅರ್ಧ ಗಂಟೆ ಬಿಟ್ಟು ಕೊಡಿ. ಎಂಟು ಜನಕ್ಕೆ ಅಂದರೆ ಬ್ರಾಂದಿ, ಕಕಾವ್ ಎರಡನ್ನೂ ಬೆಳಗ್ಗೆಯೇ ಒಂದು ಬಾಟಲಿಗೆ ಅಳೆದು ಬೆರೆಸಿ ಫ್ರೀಜರಿನಲ್ಲಿಡಿ, ಗಟ್ಟಿ ಆಗಲ್ಲ. ಕ್ರೀಮ್ ಮಾತ್ರ ಶೇಕ್ ಮಾಡುವಾಗ. ಒಂದು ಸಲಕ್ಕೆ ಎರಡು ಗ್ಲಾಸಿನಷ್ಟೇ ಮಾಡಿ. ಎಂಟನ್ನೂ ಒಟ್ಟಿಗೆ ಮಾಡಲು ಹೋದರೆ ಮೊದಲ ಗ್ಲಾಸು ಬೆಚ್ಚಗಾಗಿರುತ್ತೆ, ಕೊನೆಯದರಲ್ಲಿ ನೊರೆಯೇ ಇರಲ್ಲ.

ಬನಶಂಕರಿ ಅಕ್ಕ

ನನ್ನ ಕಡೆಯಿಂದ ಒಂದು ಅನುಭವ. ಜನವರಿಯಲ್ಲಿ ನಾನೂ ಇದನ್ನು ಮಾಡಿದ್ದೆ. ಎಲ್ಲ ಸರಿಯಾಗಿತ್ತು, ಒಂದು ಗುಟುಕು ಕುಡಿದರೆ ಅವರೆಕಾಯಿ ಸೊಗಡು! ಫ್ರೀಜರ್ ತುಂಬ ಹಿತಕಿದ ಬೇಳೆ ಇಟ್ಟಿದ್ದೆ, ಐಸ್ ಟ್ರೇ ಅದರ ಪಕ್ಕದಲ್ಲೇ ತೆರೆದುಕೊಂಡು ಒಂದು ತಿಂಗಳು ಕೂತಿತ್ತು. ವಿಸ್ಕಿಯಲ್ಲಿ ಇಂಥದ್ದು ಗೊತ್ತಾಗಲ್ಲ ಅಂತಾರೆ ನಮ್ಮವರು. ಕ್ರೀಮಿನಲ್ಲಿ ಮಾತ್ರ ಎದ್ದು ಕೂತಿತ್ತು. ಹಿಂದಿನ ದಿನವೇ ಹೊಸ ನೀರು ಹಾಕಿ ಐಸ್ ಮಾಡಿ, ಮುಚ್ಚಿಡಿ.

ಮತ್ತೆ ಕುಡಿಯದವರಿಗೆ? ನಾನು ಗಟ್ಟಿ ಡಿಕಾಕ್ಷನ್, ಕೋಕೋ ಪುಡಿ ಕುದಿಸಿದ ಸಕ್ಕರೆ ಪಾಕ, ಕ್ರೀಮ್ ಹಾಕಿ ಹೀಗೇ ಕುಲುಕಿ ಕೊಟ್ಟೆ. ನೋಡಲು ಎರಡೂ ಒಂದೇ ಥರ ಇರುತ್ತೆ, ಜೋಪಾನ. ನಮ್ಮ ಮನೆಯಲ್ಲಿ ತಂಗಿಯ ಮಗ ತಪ್ಪು ಗ್ಲಾಸಿಗೆ ಕೈ ಹಾಕಿಬಿಟ್ಟಿದ್ದ, ಬಾಯಿಗೆ ಹೋಗುವ ಮುಂಚೆ ಕಿತ್ತುಕೊಂಡೆ. ಆಮೇಲಿಂದ ಒಂದು ನಿಯಮ: ಜಾಯಿಕಾಯಿ ಇದ್ದರೆ ದೊಡ್ಡವರದ್ದು, ಚಾಕೊಲೇಟ್ ತುರಿ ಇದ್ದರೆ ಮಕ್ಕಳದ್ದು. ಟ್ರೇ ಕೂಡ ಬೇರೆ ಬೇರೆ.

ಹಾಲಿನ ಲೆಕ್ಕ

ನನಗೆ ಹಾಲು ಆಗಲ್ಲ (ಹೌದು, ನಗಿ). ಗಟ್ಟಿ ತೆಂಗಿನ ಹಾಲಿನಲ್ಲಿ ಮಾಡಿ ನೋಡಿದ್ದೇನೆ. ಮನೆಯಲ್ಲಿ ಹಿಂಡಿದ್ದು ಬೇಡ. ತೆಂಗಿನ ಕೊಬ್ಬು 24 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತೆ, ಐಸ್ ತಾಗಿದರೆ ನಾಲಿಗೆಗೆ ರವೆ ರವೆ ಸಿಗುತ್ತೆ. ಪ್ಯಾಕಿನದ್ದು ಪರವಾಗಿಲ್ಲ.

ಪಾಯಸಪ್ರಿಯ

ಜಾಯಿಕಾಯಿ ಎಷ್ಟು? ನಮ್ಮಜ್ಜಿ ಹೋಳಿಗೆ ಹೂರಣಕ್ಕೆ ಹಾಕೋವಾಗ ಇಡೀ ಮನೆಗೆ ಎಚ್ಚರಿಕೆ ಕೊಡೋರು, ಜಾಸ್ತಿ ಆದರೆ ಮಂಪರು ಅಂತ.

ಕೌಂಟರ್ ಹಿಂದಿನವ

ಅಜ್ಜಿ ಹೇಳಿದ್ದು ನಿಜ. ಸಣ್ಣ ತುರಿಮಣೆ ಮೇಲೆ ಎರಡು ಸಲ ಉಜ್ಜಿದರೆ ಮುಗೀತು. ಡಬ್ಬಿಯ ಪುಡಿ ಬೇಡ, ಅದರಲ್ಲಿ ಧೂಳು ಬಿಟ್ಟರೆ ಏನೂ ಉಳಿದಿರಲ್ಲ. ಇಡೀ ಕಾಯಿ ತಂದು ಕೊಡುವ ಹೊತ್ತಿಗೆ ತುರಿಯಿರಿ. ಕುಡಿಯುವವರ ಮೂಗು ಗ್ಲಾಸಿನ ಹತ್ತಿರ ಬಂದಾಗ ಮೊದಲು ಸಿಗಬೇಕಾದ್ದು ಆ ವಾಸನೆ. ಬ್ರಾಂದಿ ಆಮೇಲೆ. (ಪಾಯಸದ ಕಡೆಯಿಂದ ಈ ಕಡೆ ಬರ್ತಾ ಇದ್ದೀರಿ ಅಂತ ಕಾಣುತ್ತೆ!)

ಗಿರಿನಗರದ ಗಿರಾಕಿ

ವರದಿ ಒಪ್ಪಿಸುತ್ತಿದ್ದೇನೆ. ಸೋಮವಾರ ಬೆಳಗ್ಗೆ, ಕೈಯಲ್ಲಿ ಫಿಲ್ಟರ್ ಕಾಫಿ.

ಕಕಾವ್ ಐದೇ ದಿನಕ್ಕೆ ಚೆನ್ನಾಗಿ ಬಂತು, ಬಣ್ಣ ಮಾತ್ರ ಸ್ವಲ್ಪ ತಿಳಿ. ಸೋಸಲು ಬಟ್ಟೆ ಹುಡುಕುತ್ತಾ ಇದ್ದೆ, ಹೆಂಡತಿ ನನ್ನದೇ ಹಳೇ ಪಂಚೆಯ ತುಂಡು ಕೊಟ್ಟಳು. ಒಗೆದದ್ದು, ಗಾಬರಿ ಬೇಡ. ಟೆಟ್ರಾ ಪ್ಯಾಕ್ ಕ್ರೀಮ್ ಒಂದು ರಾತ್ರಿ ಫ್ರಿಡ್ಜಿನಲ್ಲಿಟ್ಟೆ. ಶೇಕರಿಗೆ ಬದಲು ಅವಳ ಆಫೀಸಿನ ಸಾರಿನ ಡಬ್ಬ. ಮೊದಲು ಬಿಸಿನೀರು, ಸೋಡಾಪುಡಿ ಹಾಕಿ ಎರಡು ಸಲ ತೊಳೆದೆ, ಆದರೂ ರಬ್ಬರ್ ರಿಂಗಿನಲ್ಲಿ ಸಾಂಬಾರು ವಾಸನೆ ಇತ್ತು. ರಿಂಗ್ ಹೊಸದು ತಂದು ಹಾಕಿದೆ. ಅಕ್ಕನ ಅವರೆಕಾಯಿ ಕಥೆ ಓದಿದ ಮೇಲೆ ನಾನು ಎಲ್ಲದಕ್ಕೂ ಮೂಗು ಹಚ್ಚುತ್ತಿದ್ದೆ.

ಸದ್ದಿನ ವಿಚಾರ ಹೇಳಿದಿರಲ್ಲ, ನಿಜ. ಹತ್ತನೇ ಸೆಕೆಂಡಿಗೆ ಠಣಠಣ ನಿಂತು ಗುಬುಗುಬು ಅನ್ನತೊಡಗಿತು. ಜಾಲರಿ ಹಿಡಿದು ಸುರಿದರೆ ದಾರದ ಹಾಗೆ ಇಳಿಯಿತು. ಗ್ಲಾಸಿನ ಅಂಚಿಗೆ ಅರ್ಧ ಬೆರಳು ನೊರೆ. ಐಸ್‌ಕ್ರೀಮ್ ಕಪ್ ನಾಲ್ಕೇ ಇದ್ದವು, ಉಳಿದವರಿಗೆ ಚಿಕ್ಕ ಗಾಜಿನ ಲೋಟ. ಒಬ್ಬರು ಭಾವ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಾರೆ, ಅವರು ಒಂದು ಗುಟುಕು ರುಚಿ ನೋಡಿ ಪಕ್ಕಕ್ಕಿಟ್ಟರು. ನಾನೂ ಬಲವಂತ ಮಾಡಲಿಲ್ಲ. ಇಬ್ಬರು ಕ್ಯಾಬಿನಲ್ಲಿ ಹೋದರು, ಒಬ್ಬ ನಮ್ಮ ಸೋಫಾದ ಮೇಲೇ ಮಲಗಿದ.

ಒಂದು ತಪ್ಪು ನನ್ನದೇ. ಮೂರನೇ ಸುತ್ತಿಗೆ ಐಸ್ ಕಡಿಮೆ ಬಿತ್ತು, ಕರಗಿ ಒದ್ದೆಯಾದ ಚೂರುಗಳನ್ನೇ ಹಾಕಿದೆ. ಆ ಎರಡು ಗ್ಲಾಸು ತೆಳ್ಳಗಾದವು. ಕುಡಿದವರು ಏನೂ ಅನ್ನಲಿಲ್ಲ, ಮನೆಗೆ ಬಂದವರು ಏನಂತಾರೆ?

ಇನ್ನು ಮಾವ. ಕಪ್ಪನ್ನು ಬೆಳಕಿಗೆ ಹಿಡಿದು ನೋಡಿದರು. ಮೂಸಿ ನೋಡಿದರು. "ಜಾಯಿಕಾಯಿ" ಅಂದರು. ಒಂದು ಗುಟುಕು. ಇನ್ನೊಂದು. ಆಮೇಲೆ ಮೀಸೆಗೆ ಅಂಟಿದ ನೊರೆ ಒರೆಸಿಕೊಂಡು, "ಚೆನ್ನಾಗಿದೆ ಕಣಪ್ಪ. ಇದರಲ್ಲಿ ಬ್ರಾಂದಿ ಹಾಕೋದು ಮರೆತಿದ್ದೀಯ" ಅಂದರು.

ಪಾಯಸಪ್ರಿಯ

ಹಹ್ಹಾ. ಆಮೇಲೆ?

ಗಿರಿನಗರದ ಗಿರಾಕಿ

ಆಮೇಲೇನು, ಅರ್ಧ ಗಂಟೆ ಆದಮೇಲೆ ಏಳಲು ಹೋಗಿ ಮತ್ತೆ ಕೂತರು. "ಹಾಕಿದ್ದೀಯ" ಅಂದರು.

ಬನಶಂಕರಿ ಅಕ್ಕ

ಟೆಟ್ರಾ ಪ್ಯಾಕ್‌ನಲ್ಲಿ ಉಳಿದ ಕ್ರೀಮ್ ಏನು ಮಾಡಿದಿರಿ? ತೆರೆದ ಮೇಲೆ ಮೂರು ದಿನಕ್ಕಿಂತ ಜಾಸ್ತಿ ಇಡಬೇಡಿ.

ಗಿರಿನಗರದ ಗಿರಾಕಿ

ಕೆನೆ ಡಬ್ಬಿಗೆ ಸುರಿಯಲು ಹೋದೆ ಅಕ್ಕ. ಹೆಂಡತಿ ಡಬ್ಬಿ ಕಿತ್ತುಕೊಂಡಳು.